ಆರು ಫ್ಲಾಸ್ಕು, ನಾಲ್ಕು ಸೋಮವಾರ

ಮಧ್ಯಾಹ್ನ ಎರಡರಿಂದ ಮೂರರ ತನಕ ನಮ್ಮ ದನದ ದವಾಖಾನೆಗೆ ಯಾರೂ ಬರುವುದಿಲ್ಲ. ಜನ ಹೊಲದಲ್ಲಿರುತ್ತಾರೆ, ದನಗಳು ನೆರಳಿನಲ್ಲಿರುತ್ತವೆ. ಆ ಹೊತ್ತಿನಲ್ಲಿ ನಾನು ರಿಜಿಸ್ಟರ್ ಬರೆಯುತ್ತೇನೆ, ನಮ್ಮ ಜವಾನರು ಮೊಬೈಲ್ ನೋಡುತ್ತಾರೆ. ಅವರು ನನಗಿಂತ ಹಿರಿಯರು, ಬರುವ ವರ್ಷ ನಿವೃತ್ತರಾಗುವವರು. ಒಂದು ದಿನ ಅವರು ಮೊಬೈಲನ್ನು ನನ್ನ ರಿಜಿಸ್ಟರಿನ ಮೇಲೆಯೇ ತಂದಿಟ್ಟರು.

“ಸಾಹೇಬ್ರ, ಇಲ್ಲಿ ನೋಡ್ರಿ. ಈ ಅಕ್ಕಾರು ನಿಮ್ಮ ಊರವ್ರು ಅಲ್ರಿ?”

ಅವಳೇ. ಬಿಳಿ ಕೋಟು, ಕಿವಿಯ ಹತ್ತಿರ ನರೆತ ಕೂದಲು, ಹಿಂದೆ ಉಕ್ಕಿನ ದೊಡ್ಡ ದೊಡ್ಡ ಹಂಡೆಗಳಂಥ ಪಾತ್ರೆಗಳು. ದನ ಕಡಿಯದೆ, ದನದ ಜೀವಕೋಶಗಳನ್ನು ಪಾತ್ರೆಯಲ್ಲಿ ಬೆಳೆಸಿ ಮಾಂಸವನ್ನೂ ಚರ್ಮವನ್ನೂ ಮಾಡುವ ಸಂಶೋಧನಾಲಯಕ್ಕೆ ಅವಳು ಮುಖ್ಯಸ್ಥೆ. ಕನ್ನಡದ ಒಂದು ಚಾನೆಲ್‌ಗೆ ಸಂದರ್ಶನ ಕೊಡುತ್ತಿದ್ದಳು.

“ದನಾ ಕಡೀದನ ಮಾಂಸ, ಸುಲೀದನ ಚರ್ಮ!” ಎಂದರು ಜವಾನರು. “ಹಂಗಾರ ಮುಂದ ನಮಗೇನ್ ಕೆಲಸ ಉಳೀತೈತ್ರಿ?”

“ನಿಮಗ ಈಗರೆ ಏನ್ ಕೆಲಸ ಐತ್ರಿ?”

“ಅದೂ ಖರೇನ ಬಿಡ್ರಿ,” ಎಂದು ಅವರು ನಕ್ಕರು. ನಾನೂ ನಕ್ಕೆ. ಆಮೇಲೆ ಅವಳ ಮಾತು ಕೇಳಿಸಿತು.

“ಆರು ಫ್ಲಾಸ್ಕ್ ಇದ್ದವು. ಐದು ಸತ್ತವು, ಒಂದು ಉಳೀತು. ಯಾಕೆ ಉಳೀತು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಆ ‘ಯಾಕೆ’ಯನ್ನ ಹುಡುಕ್ತಾ ಹುಡುಕ್ತಾನೇ ಇಲ್ಲಿಗೆ ಬಂದೆ.”

ಯಾಕೆ ಉಳಿಯಿತೆಂದು ನನಗೆ ಗೊತ್ತಿತ್ತು. ಇಷ್ಟು ವರ್ಷ ಗೊತ್ತಿತ್ತು. ಈ ಭೂಮಿಯ ಮೇಲೆ ಅದು ಗೊತ್ತಿದ್ದವನು ನಾನೊಬ್ಬನೇ, ಗುಡಗೇರಿಯ ಹತ್ತಿರದ ಒಂದು ಹಳ್ಳಿಯಲ್ಲಿ, ಮೇಜಿನ ಒಂದು ಕಾಲಿಗೆ ಇಟ್ಟಿಗೆ ಚೂರು ಕೊಟ್ಟುಕೊಂಡು ಕೂತವನು. ನನಗೆ ಹೊಟ್ಟೆಕಿಚ್ಚು ಹೊಟ್ಟೆಯಲ್ಲಿ ಆಗುವುದಿಲ್ಲ, ಕಿವಿ ಕಾಯುತ್ತದೆ. ಅವತ್ತು ಎರಡೂ ಕಿವಿ ಕಾದವು. ರಿಜಿಸ್ಟರಿನಲ್ಲಿ ಒಂದು ಎಮ್ಮೆಗೆ ಕೊಟ್ಟ ಔಷಧವನ್ನು ಬೇರೊಂದು ಎಮ್ಮೆಯ ಸಾಲಿನಲ್ಲಿ ಬರೆದೆ. ನಾನು ಅಂಥ ತಪ್ಪು ಮಾಡುವವನಲ್ಲ.

*

ಅವಳೂ ನಾನೂ ಒಂದೇ ಊರಿನವರು, ಒಂದೇ ತರಗತಿಯವರು. ನಮ್ಮದು ಮನೆಯಲ್ಲಿ ದಿನಾ ಲಿಂಗಪೂಜೆ ನಡೆಯುವ, ಎರಡು ಜೋಡಿ ಎತ್ತು ಕಟ್ಟಿದ ಮನೆ. ನಮ್ಮ ಮನೆಯಲ್ಲಿ ಎತ್ತೋ ಎಮ್ಮೆಯೋ ಸತ್ತರೆ ಅದನ್ನು ಒಯ್ದು ಚರ್ಮ ಸುಲಿಯುವ ಕೆಲಸ ಅವಳ ಅಜ್ಜನದಾಗಿತ್ತು. ಅವಳ ಅಪ್ಪ ಓದಿ ಪ್ರಾಥಮಿಕ ಶಾಲೆಯ ಮಾಸ್ತರರಾದರು. ಅವರ ಮನೆ ಬೌದ್ಧ ಧರ್ಮ ತೆಗೆದುಕೊಂಡಿತು, ಅಜ್ಜ ಆ ಕೆಲಸ ಬಿಟ್ಟರು. ಇದೆಲ್ಲ ಆದಾಗ ನಾನು ಸಣ್ಣವನು. ನನಗೆ ನೆನಪಿರುವುದು ಇಷ್ಟು: ಅವಳು ನೋಟ್‌ಬುಕ್ ಕೇಳಲು ನಮ್ಮ ಮನೆಗೆ ಬಂದಾಗ ಕಟ್ಟೆಯ ಮೇಲೆ ಕೂರುತ್ತಿದ್ದಳು, ಅವ್ವ ಚಹಾ ಅಲ್ಲಿಗೇ ತಂದು ಕೊಡುತ್ತಿದ್ದಳು.

ನಾನು ಮೊದಲನೆಯವನು, ಅವಳು ಎರಡನೆಯವಳು. ಏಳನೆಯ ತರಗತಿಯ ತನಕ ಇದು ಸೂರ್ಯ ಹುಟ್ಟುವಷ್ಟು ಸಹಜವಾಗಿತ್ತು. ಆ ವರ್ಷ ಆಕಳ ಹೊಟ್ಟೆಯ ನಾಲ್ಕು ಕೋಣೆಗಳ ಚಿತ್ರ ಬರೆಯಲು ಹೇಳಿದರು. ನಾನು ಪುಸ್ತಕ ನೋಡಿ ಅಳತೆ ಹಿಡಿದು ಬರೆದೆ. ಅವಳು ಮೂರನೆಯ ಕೋಣೆಯ ಒಳಗಿನ ಮಡಿಕೆಗಳನ್ನು ಒಂದೊಂದಾಗಿ ಬರೆದಿದ್ದಳು, ಪುಸ್ತಕದಲ್ಲಿ ಅವು ಇರಲಿಲ್ಲ. “ಇದನ್ನ ಎಲ್ಲಿ ನೋಡಿದ್ಯವಾ?” ಎಂದು ವಿಜ್ಞಾನದ ಮಾಸ್ತರರು ಕೇಳಿದರು. “ನಮ್ಮಜ್ಜ ತೋರ್ಸಿದ್ರಿ,” ಎಂದಳು. ಅವಳ ಚಿತ್ರ ವರ್ಷಪೂರ್ತಿ ಗೋಡೆಯ ಮೇಲಿತ್ತು. ನನ್ನ ಕಿವಿ ಮೊದಲ ಸಲ ಕಾದದ್ದು ಆಗ.

ಮುಂದೆ ಇಬ್ಬರಿಗೂ ಬೇರೆ ಜಿಲ್ಲೆಯ ಪಶುವೈದ್ಯಕೀಯ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಕಡೆಯ ವರ್ಷ ಪ್ರತಿಯೊಬ್ಬರೂ ಒಂದು ಪ್ರಯೋಗ ಮಾಡಬೇಕಿತ್ತು. ನಾನು ದನದ ಉಣ್ಣೆಗಳನ್ನು ತೆಗೆದುಕೊಂಡೆ, ಅವು ಗಾಜಿನ ಭರಣಿಯಲ್ಲಿ ಹರಿದಾಡುತ್ತಿದ್ದವು. ಅವಳು ತನ್ನ ಅಪ್ಪನ ಮನೆಯ ಎಮ್ಮೆಯ ಕಿವಿಯಿಂದ ಕಡಲೆಕಾಳಿನಷ್ಟು ತೊಗಲು ತಂದು ಅದರ ಕೋಶಗಳನ್ನು ಫ್ಲಾಸ್ಕಿನಲ್ಲಿ ಬೆಳೆಸಿದಳು. ಚಪ್ಪಟೆಯಾದ, ಅಂಗೈಯಗಲದ ಆರು ಪ್ಲಾಸ್ಟಿಕ್ ಫ್ಲಾಸ್ಕುಗಳು. ಅವನ್ನು ಮೈಯ ಬಿಸಿಯಷ್ಟೇ ಬಿಸಿಯಿರುವ ಇನ್‌ಕ್ಯುಬೇಟರ್ ಎಂಬ ಪೆಟ್ಟಿಗೆಯಲ್ಲಿ ಇಡುತ್ತಿದ್ದಳು. ಕೋಶಗಳು ತಳಕ್ಕೆ ಅಂಟಿಕೊಂಡು ಬೆಳೆಯುತ್ತವೆ, ಸತ್ತರೆ ಬಿಟ್ಟು ಮೇಲೆ ತೇಲುತ್ತವೆ. ಎರಡು ದಿನಕ್ಕೊಮ್ಮೆಯೋ ಮೂರು ದಿನಕ್ಕೊಮ್ಮೆಯೋ ಹಳೆಯ ದ್ರವ ತೆಗೆದು ಹೊಸದು ಹಾಕಬೇಕು. ಆರಕ್ಕೂ ಸೇರಿ ಮೂವತ್ತು ಎಂ.ಎಲ್.: ಇಪ್ಪತ್ತೇಳು ಗುಲಾಬಿ ಬಣ್ಣದ ಪೋಷಕ ದ್ರವ, ಮೂರು ಸೀರಂ.

ಆ ಸೀರಂ ಎಲ್ಲಿಂದ ಬರುತ್ತದೆಂದು ಹೇಳಬೇಕು, ಏಕೆಂದರೆ ನನ್ನ ತಪ್ಪು ಅಲ್ಲಿಂದ ಶುರುವಾಯಿತು. ಕಸಾಯಿಖಾನೆಯಲ್ಲಿ ಗಬ್ಬದ ಆಕಳನ್ನು ಕಡಿದಾಗ ಹೊಟ್ಟೆಯೊಳಗೆ ಕರು ಇರುತ್ತದಲ್ಲ, ಆ ಕರುವಿನ ರಕ್ತದಿಂದ ತೆಗೆದದ್ದು ಅದು. ನೋಡಲು ತೆಳ್ಳಗೆ, ಕಾಸಿದ ತುಪ್ಪದ ಬಣ್ಣ. ಅದಿಲ್ಲದೆ ಕೋಶಗಳು ಬದುಕುವುದಿಲ್ಲವೆಂದು ನಮಗೆ ಕಲಿಸಿದ್ದರು. ಜೀವ ತೆಗೆಯದೆ ಮಾಂಸ ಮಾಡುತ್ತೇವೆನ್ನುವವರ ಮೊದಲ ಮುಜುಗರವೂ ಅದೇ ಆಗಿತ್ತು.

ಆ ವರ್ಷ ಬೇಸಿಗೆಯಲ್ಲಿ ನನಗೆ ಕಾಮಣಿ ಆಗಿ, ಕಣ್ಣು ಮೈಯೆಲ್ಲ ಹಳದಿಯಾಗಿ ಸಾಯುವ ಹಾಗಾಗಿತ್ತು. ಅವ್ವ ಹರಕೆ ಹೊತ್ತಿದ್ದಳು, ಶ್ರಾವಣದ ನಾಲ್ಕೂ ಸೋಮವಾರ ಮಗ ರಕ್ತ ಮುಟ್ಟುವುದಿಲ್ಲ ಎಂದು. “ದನದ ಡಾಕ್ಟರ್ ಆಗಾಂವ ರಕ್ತ ಮುಟ್ಟಲಾರದ ಹೆಂಗಬೇ?” ಎಂದು ಕೇಳಿದೆ. ಅವ್ವ ಸ್ವಲ್ಪ ವಿಚಾರ ಮಾಡಿದಳು. “ಬದಕಸಾಕ ಮುಟ್ಟಿದ್ದು ನಡೀತೈತಿ. ಕೊಂದು ತಗದದ್ದು ಮುಟ್ಟಬ್ಯಾಡಪಾ. ನಾಕ ಸೋಮವಾರ ಅಷ್ಟ.”

ಶ್ರಾವಣದಲ್ಲಿ ಅವಳ ಅಜ್ಜಿಗೆ ಹುಷಾರಿರಲಿಲ್ಲ. ಶನಿವಾರ ರೈಲು ಹತ್ತಿ ಊರಿಗೆ ಹೋಗಿ ಮಂಗಳವಾರ ಬರುತ್ತಿದ್ದಳು. ಸೋಮವಾರದ ಫ್ಲಾಸ್ಕಿನ ಕೆಲಸ ನನಗೆ ಕೊಟ್ಟಳು. “ನಿನ್ನಷ್ಟ ನಿಗಾ ಮಾಡಿ ಮಾಡಾವ್ರು ಯಾರೂ ಇಲ್ಲಲೇ,” ಎಂದಳು. ಹೌದು, ನಾನು ನಿಗಾ ಮಾಡುವವನೇ.

ಮೊದಲ ಸೋಮವಾರ ಸೀರಂ ಬಾಟಲಿ ಹಿಡಿಯಲು ಕೈ ಚಾಚಿದೆ, ಕೈ ಹೋಗಲಿಲ್ಲ. ಬೇರೆ ಯಾರಿಗಾದರೂ ಹೇಳಬಹುದಿತ್ತು. ನಕ್ಕಾರೆಂದು ಹೇಳಲಿಲ್ಲ. ಮೂವತ್ತೂ ಎಂ.ಎಲ್. ಗುಲಾಬಿ ದ್ರವವನ್ನೇ ಹಾಕಿ, ಗೋಡೆಗೆ ಅಂಟಿಸಿದ್ದ ಲೆಕ್ಕದ ಹಾಳೆಯಲ್ಲಿ ಸೀರಂ ಎಂಬ ಮನೆಯಲ್ಲಿ ‘ಮೂರು’ ಎಂದು ಬರೆದು ಸಹಿ ಮಾಡಿದೆ. ಮಂಗಳವಾರ ಅವಳು ಬಂದು ಸೀರಂ ಸಹಿತ ಹೊಸ ದ್ರವ ಹಾಕಿದಳು. ಕೋಶಗಳಿಗೆ ಏನೂ ಆಗಲಿಲ್ಲ. ಎರಡನೆಯ ಸೋಮವಾರವೂ ಹಾಗೇ ಮಾಡಿದೆ, ಮೂರನೆಯದೂ ಹಾಗೇ. ಇದು ವ್ರತ. ಸುಳ್ಳು ಬರೆದೆ, ಆದರೂ ವ್ರತ.

ಮೂರನೆಯ ಸೋಮವಾರದ ಮರುದಿನ ನೋಟಿಸ್ ಬೋರ್ಡಿನ ಮೇಲೆ ಪಟ್ಟಿ ಬಂತು. ಹೊರದೇಶದ ಪ್ರಯೋಗಾಲಯವೊಂದಕ್ಕೆ ನಮ್ಮ ಕಾಲೇಜಿನಿಂದ ಒಬ್ಬರನ್ನು ಆರಿಸುವುದಿತ್ತು. ನಾನೂ ಅರ್ಜಿ ಹಾಕಿದ್ದೆ. ಒಂದೇ ಹೆಸರು ಇತ್ತು, ಅವಳದು. ನನ್ನ ಅಂಕಗಳು ಹೆಚ್ಚಿದ್ದವು. ಅವಳ ಪ್ರಯೋಗ ಹೆಚ್ಚಿನದಾಗಿತ್ತು.

ಬುಧವಾರ ಬೆಳಿಗ್ಗೆ ಅವಳು ಚೀಲ ಹಿಡಿದು ನನ್ನ ಉಣ್ಣೆಯ ಭರಣಿಗಳ ಹತ್ತಿರ ಬಂದು ನಿಂತಳು. “ಊರಿಗೆ ಹೋಗಿ ಅಜ್ಜಿಗೆ ಹೇಳಿ ಬರ್ತೇನಿ. ಕಾಗದಪತ್ರದ್ದೂ ಕೆಲಸ ಅದಾವು. ಒಂದು ವಾರ ನನ್ನ ಮಕ್ಕಳನ್ನ ನೋಡ್ಕೋ.”

“ನಡಿ, ನಾ ನೋಡ್ಕೋತೀನಿ,” ಎಂದೆ.

ಅವತ್ತು ಬುಧವಾರ. ವ್ರತವಿರಲಿಲ್ಲ. ಆರೂ ಫ್ಲಾಸ್ಕುಗಳ ಹಳೆಯ ದ್ರವ ತೆಗೆದೆ. ಸೀರಂನ ಅಂಶ ಉಳಿಯಬಾರದೆಂದು ಉಪ್ಪುನೀರಿನಿಂದ ಎರಡು ಸಲ ತೊಳೆದೆ. ಸೋಮವಾರಗಳಲ್ಲಿ ಹೀಗೆ ತೊಳೆದಿರಲಿಲ್ಲ. ಬರೀ ಗುಲಾಬಿ ದ್ರವ ಹಾಕಿದೆ, ಹಾಳೆಯಲ್ಲಿ ‘ಮೂರು’ ಎಂದು ಬರೆದೆ. ಶುಕ್ರವಾರ ಮತ್ತೆ ತೊಳೆದೆ, ಮತ್ತೆ ಬರೆದೆ. ಸೋಮವಾರ ಶ್ರಾವಣದ ನಾಲ್ಕನೆಯದು, ವ್ರತದ ದಿನವೇ. ಸಾಯಲಿ ಎಂದು ಮಾಡಿದೆ. ಹಾಳೆಯಲ್ಲಿ ‘ಮೂರು’ ಎಂದೇ ಬರೆದೆ. ಅಕ್ಷರ ನೆಟ್ಟಗಿವೆ.

ಅವಳು ತಿರುಗಿ ಬಂದಾಗ ಐದು ಫ್ಲಾಸ್ಕುಗಳಲ್ಲಿ ಕೋಶಗಳು ಸತ್ತು ತೇಲುತ್ತಿದ್ದವು. ಆರನೆಯದರ ಒಂದು ಮೂಲೆಯಲ್ಲಿ ಅಂಟಿಕೊಂಡೇ ಇದ್ದವು, ಜೀವಂತ. ಅವಳು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ ಕೇಳಿದಳು, “ಸೀರಂ ಎಲ್ಲಾ ಸಲ ಹಾಕೀದಿಲ್ಲೋ?”

“ಹಾಕೀನಿ. ಹಾಳಿ ನೋಡು.”

ಅವಳು ಹಾಳೆ ನೋಡಿದಳು, ನಂಬಿದಳು. ಇನ್‌ಕ್ಯುಬೇಟರ್ ಕೆಟ್ಟಿರಬೇಕೆಂದು ತೀರ್ಮಾನ ಮಾಡಿದಳು. ಉಳಿದ ಕೋಶಗಳನ್ನು ಒಂದು ಫ್ಲಾಸ್ಕಿನಿಂದ ಇನ್ನೊಂದಕ್ಕೆ, ನಮ್ಮಲ್ಲಿ ಹೆಪ್ಪನ್ನು ಹಾಲಿನಿಂದ ಹಾಲಿಗೆ ದಾಟಿಸುವ ಹಾಗೆ, ದಾಟಿಸುತ್ತ ಒಯ್ದಳು. ಹೊರದೇಶದಲ್ಲಿ ಅವು ಕಡಿಮೆ ಸೀರಂನಲ್ಲೂ ಬದುಕುತ್ತವೆಂದು ಗೊತ್ತಾಯಿತು. ಮುಂದೆ ಕಡಲೆ ಹೊಟ್ಟಿನ ಸಾರ ಹಾಕಿ, ಸೀರಂ ಪೂರ್ತಿ ಬಿಡಿಸಿದಳು. ಅವಳ ಹೆಸರು ದೊಡ್ಡದಾದದ್ದು ಅದರಿಂದ. ಆ ಕೋಶಗಳಿಗೆ ಇದು ಮೊದಲೇ ಹೇಗೆ ರೂಢಿಯಾಯಿತು ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ಸೋಮವಾರದ ಉಪವಾಸ ಅವಕ್ಕೆ ರೂಢಿ ಮಾಡಿಸಿತ್ತು, ಆಮೇಲಿನ ತೊಳೆತದಲ್ಲಿ ಗಟ್ಟಿಯಾದವು ಮಾತ್ರ ಉಳಿದಿದ್ದವು.

*

ನಾನು ನೌಕರಿ ಹಿಡಿದು ಈ ತಾಲೂಕಿಗೆ ಬಂದೆ. ಕಾಲುಬಾಯಿ ಬೇನೆಯ ಲಸಿಕೆ ಹಾಕಿದೆ. ಅಡ್ಡವಾಗಿ ಸಿಕ್ಕ ಕರುಗಳನ್ನು ಹೆಗಲ ತನಕ ಕೈಹಾಕಿ ತಿರುಗಿಸಿದೆ. ಜನ ಒಳ್ಳೆಯವನೆನ್ನುತ್ತಾರೆ. ಅವಳು ಬರೆದ ಪ್ರತಿಯೊಂದು ಲೇಖನವನ್ನೂ ಹುಡುಕಿ ಓದಿದೆ. ಮೆಚ್ಚಿ ಓದುತ್ತೇನೆಂದು ನನ್ನ ಹೆಂಡತಿ ಇಂದಿಗೂ ತಿಳಿದಿದ್ದಾಳೆ. ನಾನು ಹುಡುಕುತ್ತಿದ್ದುದು ತಪ್ಪನ್ನು. ಒಮ್ಮೆ ಒಂದು ಕೋಷ್ಟಕದಲ್ಲಿ ಕೂಡಿಸಿದ ಅಂಕಿ ತಪ್ಪಿತ್ತು. ಆ ದಿನ ಎರಡು ರೊಟ್ಟಿ ಹೆಚ್ಚು ತಿಂದೆ.

ಸಂದರ್ಶನ ನೋಡಿದ ಮೇಲೆ ನಾಲ್ಕು ದಿನ ತಡೆದೆ. ಐದನೆಯ ದಿನ ಅವಳ ಅಪ್ಪ ಮಾಸ್ತರರ ಹತ್ತಿರ ಅವಳ ನಂಬರ್ ಇಸಿದುಕೊಂಡು ಫೋನ್ ಮಾಡಿದೆ. ತಪ್ಪೊಪ್ಪಿಕೊಳ್ಳಲು ಅಲ್ಲ. ಆ ಫ್ಲಾಸ್ಕ್ ನನ್ನದು ಎಂದು ಯಾರಾದರೂ ಒಬ್ಬರಿಗೆ ಗೊತ್ತಾಗಬೇಕಿತ್ತು. ನಾಲ್ಕು ಸೋಮವಾರದ ಕಥೆ ಹೇಳುವುದು, ಬುಧವಾರ ಶುಕ್ರವಾರ ಬಿಡುವುದು ಎಂದು ಮೊದಲೇ ಗಟ್ಟಿ ಮಾಡಿಕೊಂಡಿದ್ದೆ. ನಾಲ್ಕು ಸೋಮವಾರ ಎನ್ನುವುದು ಸುಳ್ಳಲ್ಲವಲ್ಲ.

“ಆ ಫ್ಲಾಸ್ಕ್ ಯಾಕ ಉಳೀತು, ನನಗ ಗೊತ್ತೈತಿ,” ಎಂದೆ.

“ಫೋನ್‌ನ್ಯಾಗ ಹೇಳಬ್ಯಾಡ,” ಎಂದಳು. “ಅಪ್ಪನ್ನ ನೋಡಾಕ ಬರೂದೈತಿ. ಅವಾಗ ಬರ್ತೇನಿ.”

ಎರಡು ವಾರದ ಮೇಲೆ, ಮಧ್ಯಾಹ್ನ ಎರಡೂವರೆಗೆ, ಅವಳು ದವಾಖಾನೆಗೆ ಬಂದಳು. ಜವಾನರು ಕುರ್ಚಿಯನ್ನು ಎರಡು ಸಲ ಒರೆಸಿ ಚಹಾ ತರಲು ಹೋದರು. ಅವಳು ಕೂತು, ಮೇಜಿನ ಕೆಳಗಿನ ಇಟ್ಟಿಗೆ ಚೂರು ನೋಡಿದಳು.

“ನಿಮ್ಮವ್ವ ನನಗ ಹೊರಗ ಚಹಾ ಕೊಡ್ತಿದ್ಲು, ನೆನಪೈತೇನು?” ಎಂದಳು. “ಆದ್ರ ಸಕ್ರಿ ಮಾತ್ರ ಒಂದ ಚಮಚಾ ಜಾಸ್ತಿ ಹಾಕ್ತಿದ್ಲು. ಬೈಯೂಣು ಅಂದ್ರ ಬೈಯಾಕ ಬರ್ತಿದ್ದಿಲ್ಲ. ಹೂಂ, ಹೇಳು.”

ಹೇಳಿದೆ. ಕಾಮಣಿ, ಹರಕೆ, ಸೀರಂ ಬಾಟಲಿ, ಶ್ರಾವಣದ ನಾಲ್ಕು ಸೋಮವಾರ. ಅವಳು ಬಾಯಿ ತೆರೆದು ಕೇಳಿದಳು. ಆಮೇಲೆ ನಗತೊಡಗಿದಳು, ಕಣ್ಣೀರು ಬರುವ ತನಕ ನಕ್ಕಳು.

“ಲೇ! ನಿಮ್ಮವ್ವನ ಹರಕೀಲೇ! ನಾ ಪ್ಲಾಸ್ಟಿಕ್ ತಪಾಸ ಮಾಡೀನಿ, ನೀರ ತಪಾಸ ಮಾಡೀನಿ, ಎಮ್ಮಿ ಏನ್ ಮೇಯ್ತಿತ್ತು ಅಂತ ಅಪ್ಪನ್ನ ಕೇಳಿ ಕೇಳಿ ಸಾಕ ಮಾಡೀನಿ. ಎರಡು ವರ್ಷ ಹೋತಲೇ ಅದರಾಗ! ಸುಳ್ಳ ಬರದಿ, ಅದಕ್ಕ ನಿನ್ನ ಒದೀಬೇಕು.” ಕಣ್ಣೊರೆಸಿಕೊಂಡಳು. “ಇರ್ಲಿ. ಆ ಕೋಶಗಳ ಇತಿಹಾಸ ಬರ್ಯಾಕತ್ತೀನಿ. ಅದರಾಗ ನಿನ್ನ ಹೆಸರು ಬರಬೇಕು. ನನ್ನ ಹೆಸರಿನ ಬಾಜುಕ.”

ಇದೇ ನನಗೆ ಬೇಕಾದದ್ದು. ಏಳನೆಯ ತರಗತಿಯ ಗೋಡೆಯಿಂದ ಬೇಕಾಗಿದ್ದದ್ದು. ಕಿವಿ ತಣ್ಣಗಾಯಿತು.

ಅವಳು ಚೀಲದಿಂದ ಪ್ಲಾಸ್ಟಿಕ್ ಹೊದಿಕೆಯ ಒಂದು ಹಾಳೆ ತೆಗೆದು ನನ್ನ ಮುಂದಿಟ್ಟಳು. ಗೋಡೆಯ ಮೇಲಿದ್ದ ಅದೇ ಹಾಳೆ, ಹಳದಿಯಾಗಿತ್ತು. ಅದರ ಬದಿಗೆ ಒಂದು ಖಾಲಿ ಕಾಗದ ಇಟ್ಟಳು. “ಯಾವ್ಯಾವತ್ತ ಹಾಕಿದ್ದಿಲ್ಲ, ಎಷ್ಟ ಹಾಕಿದ್ದಿಲ್ಲ, ಬರದು ಸಹಿ ಮಾಡು.”

ಮೂರು ಸೋಮವಾರ ಬರೆದೆ. ನಾಲ್ಕನೆಯದನ್ನೂ ಬರೆದೆ. ಅವಳು ಬೆರಳಿನಿಂದ ಹಾಳೆಯ ಸಾಲುಗಳನ್ನು ಹಿಡಿದು ಹೋಗುತ್ತಿದ್ದಳು. ಬೆರಳು ಒಂದು ಕಡೆ ನಿಂತಿತು.

“ಒಂದು ಮಾತು ತಿಳೀವಲ್ದು. ಮೂರು ಸಲ ನಾ ಮಂಗಳವಾರ ಬಂದು ಸೀರಂ ಹಾಕೀನಿ. ಅವಕ್ಕೇನೂ ಆಗಿಲ್ಲ. ನಾಕನೇ ಸೋಮವಾರ ಆಗಿ ಎರಡು ದಿನಕ್ಕ ಐದು ಫ್ಲಾಸ್ಕ್ ಸತ್ತಾವು. ಒಂದ ಸೋಮವಾರಕ್ಕ ಹಂಗ ಸಾಯಾಂಗಿಲ್ಲ. ಐದು ಯಾಕ ಸತ್ತವು?”

ಇನ್‌ಕ್ಯುಬೇಟರ್ ಕೆಟ್ಟಿತ್ತು ಎಂದರೆ ಮುಗಿಯುತ್ತಿತ್ತು. ಅವಳು ಅದನ್ನು ಒಮ್ಮೆ ನಂಬಿದ್ದಳು, ಇನ್ನೊಮ್ಮೆ ನಂಬುತ್ತಿದ್ದಳು. ನನ್ನ ಹೆಸರು ಅವಳ ಹೆಸರಿನ ಬಾಜುಕ ಇರುತ್ತಿತ್ತು. ಪೆನ್ನು ಕಾಗದದ ಮೇಲಿತ್ತು. ಅಷ್ಟರಲ್ಲಿ ಜವಾನರು ಚಹಾ ತಂದರು, ಇಟ್ಟರು, ನಮ್ಮಿಬ್ಬರ ಮುಖ ನೋಡಿ ಹೊರಗೆ ಹೋದರು. ನಾನು ನಾಲ್ಕನೆಯ ಸೋಮವಾರದ ಮೇಲೆ ಉಳಿದಿದ್ದ ಜಾಗದಲ್ಲಿ ‘ಬುಧವಾರ’ ಎಂದು ಬರೆದೆ, ಅದರ ಕೆಳಗೆ ‘ಶುಕ್ರವಾರ’. ಎರಡರ ಮುಂದೆಯೂ ‘ಸೀರಂ ಇಲ್ಲ, ಎರಡು ಸಲ ತೊಳೆದದ್ದು’ ಎಂದು ಬರೆದೆ. ಧೈರ್ಯದಿಂದ ಬರೆದೆನೆಂದು ಹೇಳಲಾರೆ. ಆ ಹಾಳೆಯ ಸುಳ್ಳು ಲೆಕ್ಕವನ್ನು ಎರಡನೆಯ ಸಲ ಬರೆಯಲು ಕೈ ಹೋಗಲಿಲ್ಲ, ಸೀರಂ ಬಾಟಲಿಗೆ ಹೋಗದ ಹಾಗೆ.

ಅವಳು ಓದಿದಳು.

“ಬುಧವಾರ ಏನ್ ವ್ರತ?”

“ಏನೂ ಇಲ್ಲ.”

“ಮತ್ತ?”

“ಮಂಗಳವಾರ ಪಟ್ಟಿ ಬಂದಿತ್ತು.”

ಅವಳಿಗೆ ತಿಳಿಯಿತು. ಮುಖದಲ್ಲಿ ನಗುವಿನ ಗುರುತು ಇನ್ನೂ ಇತ್ತು, ಅದು ನಿಧಾನವಾಗಿ ಹೋಯಿತು. ಅದು ಹೋಗುವುದನ್ನು ನಾನು ನೋಡಿದೆ.

“ಸಾಯಲಿ ಅಂತ ಮಾಡಿದಿ?”

“ಹೌದು.”

“ನನ್ನ ಮ್ಯಾಲಿನ ಸಿಟ್ಟಿಗೆ?”

“ಸಿಟ್ಟಲ್ಲ. ಹೊಟ್ಟೆಕಿಚ್ಚು.”

ಅವಳು ಚಹಾದ ಕಪ್ಪನ್ನು ಕೈಯಲ್ಲಿ ಹಿಡಿದು ಕೂತಳು, ಕುಡಿಯಲಿಲ್ಲ. ಹೊರಗೆ ಯಾರೋ ಎತ್ತಿನ ಮೂಗುದಾರ ಜಗ್ಗುತ್ತ ಜವಾನರ ಜೊತೆ ಮಾತಾಡುತ್ತಿದ್ದರು.

“ಅವತ್ತ ನಾ ಅಜ್ಜಿಗೆ ಏನ್ ಹೇಳಿದ್ದೆ ಗೊತ್ತೇನು?” ಎಂದಳು. “ಅವ ಹೋಗಬೇಕಾಗಿತ್ತಬೇ, ನನಗ ಸಿಕ್ಕೈತಿ ಅಂದಿದ್ದೆ.”

ಅವಳು ಕಪ್ಪು ಕೆಳಗಿಟ್ಟು ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು. ದನಿ ಬದಲಾಗಿತ್ತು, ಗೊತ್ತಿಲ್ಲದವರ ಹತ್ತಿರ ಕೇಳುವ ದನಿ.

“ತೊಳೆದಿದ್ದು ಎಷ್ಟ ಎಂ.ಎಲ್.?”

“ಪ್ರತಿ ಫ್ಲಾಸ್ಕಿಗೆ ಐದು.”

“ನಾಕನೇ ಸೋಮವಾರನೂ ತೊಳೆದಿದ್ಯಾ?”

“ಹೌದು. ಎರಡು ಸಲ.”

“ಅಂದ್ರ ಅದೂ ವ್ರತ ಅಲ್ಲ.”

ನಾನು ಇಷ್ಟು ವರ್ಷ ಆ ಸೋಮವಾರವನ್ನು ವ್ರತದ ಲೆಕ್ಕಕ್ಕೇ ಹಿಡಿದಿದ್ದೆ. “ಅಲ್ಲ,” ಎಂದೆ.

“ಹಂಗಾರ ಮೂರು ಸೋಮವಾರ. ತಿದ್ದು. ಯಾಕ ಅನ್ನೂದೂ ಬಾಜುಕ ಬರಿ. ಕಾರಣ ಇಲ್ಲದ ಸಾಲು ನಾ ಇಟ್ಕೊಳಾಂಗಿಲ್ಲ.”

ಮೂರು ಸಾಲಿನ ಮುಂದೆ ‘ವ್ರತ’ ಎಂದು ಬರೆದೆ. ಉಳಿದ ಮೂರರ ಮುಂದೆ ‘ಹೊಟ್ಟೆಕಿಚ್ಚು’ ಎಂದು ಬರೆದೆ. ಮೂರು ಸಲವೂ ಪೂರ್ತಿಯಾಗಿ ಬರೆದೆ. ಸಹಿ ಮಾಡಿದೆ. ಅವಳು ಎರಡೂ ಹಾಳೆ ಮಡಚದೆ ಚೀಲದಲ್ಲಿಟ್ಟು ಎದ್ದಳು. ಬಾಗಿಲಲ್ಲಿ ಜವಾನರಿಗೆ “ಬರ್ತೇನ್ರಿ ಕಾಕಾ” ಎಂದಳು. ಕಪ್ಪಿನಲ್ಲಿ ಚಹಾ ಹಾಗೇ ಇತ್ತು.

“ಏನ್ರಿ ಸಾಹೇಬ್ರ, ಅಕ್ಕಾರು ಚಹಾ ಕುಡೀಲಿಲ್ಲ?” ಎಂದು ಜವಾನರು ಕೇಳಿದರು. “ಸಕ್ರಿ ಕಮ್ಮಿ ಆತೇನ್ರಿ?”

ಮೂರು ತಿಂಗಳಾದ ಮೇಲೆ ಅವಳಿಂದ ಒಂದು ಫೋಟೋ ಬಂತು. ಸಾಲಾಗಿಟ್ಟ ಆರು ಫ್ಲಾಸ್ಕುಗಳು, ಕೆಳಗೆ ಒಂದು ಸಾಲು: “ನೀ ಬರದಂಗ ಮಾಡಿಸಿದೆ, ಮೂರು ಸೋಮವಾರ, ಬುಧವಾರ, ಶುಕ್ರವಾರ, ಸೋಮವಾರ. ಎರಡು ಉಳಿದಾವ.” ನನ್ನ ಹೆಸರಿನ ಮಾತು ಅದರಲ್ಲಿ ಇರಲಿಲ್ಲ, ನಾನೂ ಕೇಳಲಿಲ್ಲ. ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಬದುಕಿದ ಕೋಶಗಳು ಗುಲಾಬಿ ದ್ರವವನ್ನು ಹಳದಿಗೆ ತಿರುಗಿಸುತ್ತವೆ, ಉಳಿದ ಎರಡು ಯಾವುವೆಂದು ಬಣ್ಣದಲ್ಲೇ ಗೊತ್ತಾಗುತ್ತಿತ್ತು. ತೊಳೆಯುವಾಗ ಅವಳ ಪ್ರಯೋಗಾಲಯದ ಹುಡುಗರು ಫ್ಲಾಸ್ಕನ್ನು ಬಹಳ ಅಲುಗಾಡಿಸಿರಬೇಕು. ನಾನಾಗಿದ್ದರೆ ಮೂರು ಉಳಿಸುತ್ತಿದ್ದೆ ಎನಿಸಿತು, ಮತ್ತೆ ಕಿವಿ ಕಾಯಿತು.